ಏಳನೆಯ ಕಾಲಂ

ಬಿಷಪರ ಕಚೇರಿಯ ಫಾರಂ ಮೂರು ವಾರದಿಂದ ಮೇಜಿನ ಮೇಲಿದೆ.
ಆರು ಕಾಲಂ ತುಂಬಿದ್ದೇನೆ:
ಹೆಸರು ದಯಾಸಾಗರ, ತಂದೆ ಜೀವರತ್ನಪ್ಪ,
ಪಂಕ್ಚರ್ ಅಂಗಡಿ, ಪಿ.ಬಿ. ರಸ್ತೆ, ದಾವಣಗೆರೆ,
ದೀಕ್ಷಾಸ್ನಾನದ ತಾರೀಕು, ಓದು, ಸಾಲವಿದ್ದರೆ ಸಾಲ.
ಏಳನೆಯದಕ್ಕೆ ಬಂದು ಪೆನ್ನು ನಿಂತಿದೆ.
'ಅಭ್ಯರ್ಥಿಯ ಕರೆ ದೇವರಿಂದಲೇ ಬಂದದ್ದೆಂದು
ಸಭಾಪಾಲಕರು ಬಲ್ಲರೇ? ಬಲ್ಲರಾದರೆ ಹೇಗೆ?'
ಉತ್ತರಕ್ಕೆ ಎರಡೂವರೆ ಸಾಲು ಜಾಗ.

ಹುಡುಗ ಒಳ್ಳೆಯವನೇ.
ಪ್ರಾರ್ಥನೆಗೆ ನಿಂತರೆ ನಲ್ಲಿ ಬಿಟ್ಟ ಹಾಗೆ.
ಹಿರಿಯರ ಕಮಿಟಿಯಲ್ಲಿ ಎಲ್ಲರೂ ತಲೆದೂಗಿದರು,
ಖಜಾಂಚಿಯಂತೂ ಕಣ್ಣೊರೆಸಿಕೊಂಡರು.
ನಿದ್ದೆಯಲ್ಲಿ ಮೂರು ಸಲ
ಹೆಸರು ಹಿಡಿದು ಕರೆದದ್ದು ಕೇಳಿಸಿತಂತೆ.
ದನಿ ಹೇಗಿತ್ತಪ್ಪಾ, ಎಂದೆ.
ತುಸು ನಾಚಿ ಹೇಳಿದ:
'ಸ್ವಲ್ಪ ನಿಮ್ ದನಿ ಥರಾನೇ ಇತ್ರೀ, ಅಯ್ಯನೋರೆ.'

ಅವತ್ತಿನಿಂದ ನನಗೆ ನಿದ್ದೆಯಿಲ್ಲ.

ನನ್ನ ಫಾರಂನಲ್ಲೂ ಇದೇ ಏಳನೆಯದಿತ್ತು.
ಅಪ್ಪನ ಹತ್ತಿ ಗಿರಣಿಯ ಸೈರನ್ ನಿಂತು ಎರಡು ವರ್ಷ;
ದೈವಜ್ಞಾನ ಕಾಲೇಜಿನ ಹಾಸ್ಟೆಲಿನಲ್ಲಿ ಮೂರು ಹೊತ್ತು ಊಟ,
ಭಾನುವಾರ ಮೊಟ್ಟೆ.
ಯಾರೂ ಕರೆಯಲಿಲ್ಲ ನನ್ನನ್ನು. ಸಾರಿನ ವಾಸನೆ ಕರೆಯಿತು.
ಅಂದಿನ ಅಯ್ಯನವರು ಕನ್ನಡಕ ಒರೆಸಿಕೊಂಡು
'ಬಲ್ಲೆ' ಎಂದಷ್ಟೇ ಬರೆದು ಸಹಿ ಹಾಕಿದರು.
ಅದು ಸುಳ್ಳೋ, ನನಗೆ ಗೊತ್ತಿಲ್ಲದ್ದೇನಾದರೂ ಅವರಿಗೆ ಗೊತ್ತಿತ್ತೋ,
ಕೇಳುವ ಧೈರ್ಯ ಬರುವಷ್ಟರಲ್ಲಿ
ಅವರಿಗೆ ಮಣ್ಣು ಕೊಟ್ಟಿದ್ದೆವು.

ಹನ್ನೊಂದು ವರ್ಷ ಕರೆಯ ಬಗ್ಗೆ ಬೋಧಿಸಿದೆ,
ನೋಡದ ಊರಿಗೆ ದಾರಿ ಹೇಳುವವನ ಹಾಗೆ.

ಆಮೇಲೊಂದು ಏಪ್ರಿಲ್ ರಾತ್ರಿ, ಮಂಡಕ್ಕಿ ಭಟ್ಟಿಗಳ ಓಣಿ.
ಸುಕೀರ್ತಮ್ಮನ ಗಂಡ ದೊಡ್ಡಾಸ್ಪತ್ರೆಯಲ್ಲಿ ತೀರಿಕೊಂಡಿದ್ದ,
ಹೆಣ ಕೊಡುವುದು ಬೆಳಿಗ್ಗೆಯೇ. ಅವಳು ಒಲೆ ಮುಂದೆ.
ಉಪ್ಪುನೀರು ಹಿಡಿದ ಎರಡು ಮೂಟೆ ಅಕ್ಕಿ,
ಹುರಿಯದಿದ್ದರೆ ಹಾಳು;
ಮಣ್ಣಿನ ಖರ್ಚೂ ಅದರಲ್ಲೇ ಹುಟ್ಟಬೇಕು.
ಅವಸರದಲ್ಲಿ ಚೀಲ ಮನೆಯಲ್ಲೇ ಬಿಟ್ಟು ಬಂದಿದ್ದೆ,
ಬಾಯಿಗೂ ಏನೂ ಬರಲಿಲ್ಲ.
ಅವಳ ಕೈ ನಡುಗುತ್ತಿತ್ತು. ಜರಡಿ ಇಸಿದುಕೊಂಡೆ.
ಟೈರ್ ಸುಟ್ಟ ಹೊಗೆ, ಕಾದ ಮರಳು, ಚಟಪಟ;
ಕೆಳಗೆ ಮರಳು ಸೋರಿ ಮೇಲೆ ಬಿಳಿ ರಾಶಿ.
ಅರಳದೆ ಉಳಿದ ಕಾಳು ಆರಿಸಿ ಎಸೆಯಹೋದರೆ
'ಅಕ್ಕಿ ತಪ್ಪಲ್ರೀ ಅದು' ಎಂದಳು,
'ಮರಳು ಆರಿರ್ತದೆ.'
ಬೆಳಗಿನವರೆಗೆ ಅದೊಂದೇ ಮಾತು.
ಯಾರೂ ನನ್ನ ಹೆಸರು ಕೂಗಲಿಲ್ಲ.
ಮುಖವೆಲ್ಲ ಮಸಿಯಾಗಿ ಹೊರಟು ನಿಂತಾಗ
ತಲೆಯೆತ್ತದೆ ಕೇಳಿದಳು:
'ನಾಳೇನೂ ಬರ್ತೀರೇನ್ರಿ?'

ಹೋದೆ.

ಇದನ್ನು ಎರಡೂವರೆ ಸಾಲಿಗೆ ಹೇಗೆ ಇಳಿಸಲಿ?

ಕಳೆದ ಭಾನುವಾರ ದಯಾಸಾಗರನಿಗೆ
ಪೀಠ ಬಿಟ್ಟುಕೊಡಲಿಲ್ಲ,
ಸಮಾಧಿ ತೋಟದ ಬೀಗದ ಕೈ ಕೊಟ್ಟೆ.
ಬೇಸರವಾಯಿತು ಅವನಿಗೆ, ಮುಖದಲ್ಲಿ ಕಂಡಿತು.
ನಿನ್ನೆ ಬಂದ, ತೋಳ ತುಂಬ ಜಾಲಿಮುಳ್ಳಿನ ಗೀರು.
ಬೀಗಕ್ಕೆ ಅಪ್ಪನ ಅಂಗಡಿಯ ಗ್ರೀಸ್ ಹಚ್ಚಿದೆ, ಎಂದ.
ದೇವರ ಮಾತು ಎತ್ತಲಿಲ್ಲ.
ಕೀಲಿಯನ್ನೂ ವಾಪಸು ಕೊಡಲಿಲ್ಲ, ನಾನೂ ಕೇಳಲಿಲ್ಲ.

ಬಲ್ಲೆನೆಂದರೆ ಸುಳ್ಳು.
ಅರಿಯೆನೆಂದರೆ ಅದೂ ಪೂರ್ತಿ ನಿಜವಲ್ಲ.
ಕಡೆಗೆ ಬರೆದೆ:
'ದಯವಿಟ್ಟು ಒಂದು ವರ್ಷ ತಡೆಯಿರಿ.
ನನ್ನ ದನಿ ಅವನ ಕಿವಿಯಿಂದ ಇಳಿಯಬೇಕು.
ಆಮೇಲೂ ಕೇಳಿಸಿದರೆ'
ಅಷ್ಟಕ್ಕೆ ಜಾಗ ಮುಗಿಯಿತು.

ಎಂಟನೆಯದು ಸುಲಭ, ಯಾವ ಕಾಲದ ಪ್ರಶ್ನೆಯೋ:
ಅಭ್ಯರ್ಥಿಗೆ ಸೈಕಲ್ ಬರುತ್ತದೆಯೇ?
ಬರುತ್ತದೆ.